ನಮ್ಮ ಅತ್ತಿಗೆ ಯಾಕೆ ಮತ್ತೆ ನಿಲ್ಲಲಿಲ್ಲ

ಸಂಪಾದಕರೇ, ಆನ್‌ಲೈನ್ ಸುದ್ದಿಯಿಂದ ಹೆಣ್ಣುಮಕ್ಕಳಿಗೆ ಪ್ರಚಾರ ಸಿಗುತ್ತಿದೆ, ಹಾಗಾಗಿ ರಾಜಕೀಯಕ್ಕೆ ಬರುವುದು ಸುಲಭವಾಗಿದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಎಂಥ ಪ್ರಚಾರ ಅನ್ನೋದನ್ನೂ ನೋಡಬೇಕಲ್ವಾ?

ನಮ್ಮ ಅತ್ತಿಗೆ ಗ್ರಾಮ ಪಂಚಾಯಿತಿ ಸದಸ್ಯೆ ಆಗಿದ್ದರು. ಬೋರ್‌ವೆಲ್ ಮೋಟರ್ ಸುಟ್ಟುಹೋದಾಗ ಎರಡು ತಿಂಗಳು ಕಚೇರಿಗಳಿಗೆ ಅಲೆದು ಊರಿಗೆ ನೀರು ತರಿಸಿದರು. ಜಾಲತಾಣವೊಂದರಲ್ಲಿ ಸುದ್ದಿ ಬಂತು. ಹೆಡ್ಡಿಂಗಿನಲ್ಲಿ ಅಣ್ಣನ ಹೆಸರು, ಒಳಗೆ ಇವರು ಬರೀ 'ಅವರ ಪತ್ನಿ'. ಕೆಳಗಿನ ಕಾಮೆಂಟುಗಳಲ್ಲಿ ಇವರ ಸೀರೆ, ಮೈಬಣ್ಣದ ಮಾತು. ಅದನ್ನು ಯಾರೂ ಅಳಿಸಲಿಲ್ಲ. ಆ ರಾತ್ರಿ ಅತ್ತಿಗೆ ಊಟ ಮಾಡದೆ ಮಲಗಿದರು. ಮುಂದಿನ ಚುನಾವಣೆ ಬಂದಾಗ 'ನಾನಂತೂ ನಿಲ್ಲಲ್ಲ' ಅಂದುಬಿಟ್ಟರು.

ಪಂಚಾಯಿತಿಯಲ್ಲಿ ಅರ್ಧ ಸೀಟು ಹೆಂಗಸರಿಗೆ ಮೀಸಲಿದೆ. ಆದರೆ 2023ರಲ್ಲಿ ನಮ್ಮ ವಿಧಾನಸಭೆಯ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10 ಮಂದಿ ಮಾತ್ರ. ಟಿಕೆಟ್ ಕೊಡದ ಪಕ್ಷಗಳ ತಪ್ಪೇ ಜಾಸ್ತಿ, ನಿಜ. ಆದರೂ ಪಂಚಾಯಿತಿಯಲ್ಲಿ ಪಳಗಿದವರು ಮೇಲಕ್ಕೆ ಹೋಗಲು ಹಿಂಜರಿಯುವುದಕ್ಕೆ ಇಂಥ ಸುದ್ದಿಗಳೂ ಕಾರಣ. ದಯವಿಟ್ಟು ಹೆಂಗಸರ ಹೆಸರನ್ನೇ ಮೊದಲು ಹಾಕಿ, ಅವರು ಮಾಡಿದ ಕೆಲಸ ಬರೆಯಿರಿ. ಕೊಳಕು ಕಾಮೆಂಟುಗಳನ್ನು ಅವತ್ತೇ ತೆಗೆದುಹಾಕಿ.