ಬಾನೆಟ್ ಒಳಗಿನ ಕಂಪ್ರೆಸರ್ ಎಲ್ಲರಿಗೂ ಬೇಕಿಲ್ಲ

ರಸ್ತೆ ಬಿಟ್ಟು ಆಫ್‌ರೋಡ್‌ಗೆ ಇಳಿಯುವವರು ಕೈಯಲ್ಲಿ ಒಯ್ಯುವ ಪೋರ್ಟಬಲ್ ಬಿಟ್ಟು ಗಾಡಿಯಲ್ಲೇ ಕೂರಿಸುವ ಕಂಪ್ರೆಸರ್ (ಗಾಳಿ ತುಂಬುವ ಪಂಪ್) ಹಾಕಿಸಿಕೊಳ್ಳಲೇಬೇಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಆ 'ಲೇಬೇಕು' ನನಗೆ ಒಪ್ಪಿಗೆಯಿಲ್ಲ. ಏರ್ ಲಾಕರ್ ಇದ್ದರೆ ಬೇರೆ ಮಾತೇ ಇಲ್ಲ, ಎಡ-ಬಲ ಚಕ್ರಗಳು ಒಟ್ಟಿಗೇ ತಿರುಗುವಂತೆ ಡಿಫರೆನ್ಷಿಯಲ್ ಅನ್ನು ಅದು ಲಾಕ್ ಮಾಡುವುದೇ ಗಾಳಿಯ ಒತ್ತಡದಿಂದ, ಹಾಗಾಗಿ ಗಾಳಿ ಸದಾ ಸಿದ್ಧವಿರಬೇಕು. ಬರೀ ಟೈರಿಗೆ ಗಾಳಿ ತುಂಬುವುದಕ್ಕಾದರೆ ಒಳ್ಳೆಯ ಪೋರ್ಟಬಲ್ ಧಾರಾಳ ಸಾಕು.

ನಾನು ಎರಡನ್ನೂ ಬಳಸಿದವನು. ಬಾನೆಟ್ ಒಳಗೆ ಕೂರಿಸಿದ್ದು ಎಂಜಿನ್ ಶಾಖಕ್ಕೆ ಮೊದಲೇ ಕಾದಿರುತ್ತಿತ್ತು. ಮರಳಿನಿಂದ ಹೊರಬಂದು, ಅಲ್ಲಿಗಾಗಿ ಇಳಿಸಿದ್ದ ಟೈರ್ ಒತ್ತಡವನ್ನು 18 ಪಿಎಸ್‌ಐನಿಂದ (ಗಾಳಿಯ ಒತ್ತಡದ ಅಳತೆ) 32ಕ್ಕೆ ಏರಿಸುವಾಗ, ಮೂರನೇ ಟೈರಿಗೆ ಬರುವಷ್ಟರಲ್ಲಿ ಅತಿ ಬಿಸಿಯಾಗಿ, ಥರ್ಮಲ್ ಕಟ್‌ಆಫ್ ಆಗಿ ತಾನೇ ನಿಂತುಬಿಡುತ್ತಿತ್ತು. ಪೈಪಿನ ತುದಿಯ ಹಿತ್ತಾಳೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ. ಪೋರ್ಟಬಲ್ ಆದರೆ ಗಾಡಿಯ ನೆರಳಲ್ಲಿಟ್ಟು ಓಡಿಸಬಹುದು, ಜೊತೆಯವರ ಗಾಡಿಗೂ ಒಯ್ಯಬಹುದು.

ಪೋರ್ಟಬಲ್ ತುಂಬಾ ನಿಧಾನ ಎಂಬ ನಿಮ್ಮ ದೂರು ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವ ಚಿಕ್ಕ ಪಂಪ್‌ಗಳಿಗೆ ಸಲ್ಲಬೇಕು. ಆ ಸಾಕೆಟ್‌ನ ಫ್ಯೂಸ್ ಸಾಮಾನ್ಯವಾಗಿ 10ರಿಂದ 20 ಆಂಪ್ಸ್. ದೊಡ್ಡ ಟೈರಿಗೆ ತಕ್ಕ ಪಂಪ್ 30 ಆಂಪ್ಸ್‌ವರೆಗೂ ಎಳೆಯುತ್ತದೆ. ಕ್ಲಿಪ್‌ಗಳನ್ನು ನೇರ ಬ್ಯಾಟರಿಗೆ ಕಚ್ಚಿಸಿ, ಎಂಜಿನ್ ಚಾಲೂ ಇಟ್ಟು ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಮಾತು. ಡಬ್ಬದ ಮೇಲೆ ದೊಡ್ಡದಾಗಿ ಬರೆಯುವ 'ನಿಮಿಷಕ್ಕೆ ಇಷ್ಟು ಲೀಟರ್' ಲೆಕ್ಕ ಬಹಳ ಸಲ ಟೈರಿಗೆ ಜೋಡಿಸದೆ, ಎದುರು ಒತ್ತಡವೇ ಇಲ್ಲದಾಗಿನದು. ನಿಮ್ಮ ಹೋಲಿಕೆ ಪಟ್ಟಿಯಲ್ಲಿರುವುದೂ ಅದೇ. 30 ಪಿಎಸ್‌ಐನಲ್ಲಿ ಎಷ್ಟು ಗಾಳಿ ಕೊಡುತ್ತದೆ, ಬಿಡುವಿಲ್ಲದೆ ಎಷ್ಟು ಹೊತ್ತು ಓಡುತ್ತದೆ ಎಂಬುದನ್ನು ದಯವಿಟ್ಟು ಆ ಪಟ್ಟಿಗೆ ಸೇರಿಸಿ.