ಲೆಕ್ಕ ಕಂಪ್ಯೂಟರಿನದು, ಯೋಚನೆ ನಮ್ಮದೇ

ನಕ್ಷೆಯ ಮೇಲೆ ಪಡೆಗಳನ್ನು ನಡೆಸುವ ಯುದ್ಧದಾಟದ ಬಗ್ಗೆ ಒಂದು ಲೇಖನ ಓದಿದೆ. ಕಂಪ್ಯೂಟರ್ ಬಂದ ಮೇಲೆ ಈ ಆಟದಲ್ಲಿ ಯೋಚನೆಯೇ ಸತ್ತುಹೋಯಿತು, ಹಲಗೆಯ ಮೇಲೆ ಆಡುವುದೇ ನಿಜವಾದ ಆಟ ಎಂದು ಅದರ ಲೇಖಕರು ಬರೆದಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಎರಡನೇ ಮಹಾಯುದ್ಧದ ಪಡೆಗಳನ್ನು ನಡೆಸುವ 1994ರ ಕಂಪ್ಯೂಟರ್ ಆಟ ಪ್ಯಾಂಜರ್ ಜನರಲ್ ಅನ್ನು ಶಿರಸಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೂತು ಆಡಿದವನು ನಾನು. ಅದರಲ್ಲಿ ಬೆರಳಿನ ವೇಗಕ್ಕೆ ಬೆಲೆಯೇ ಇಲ್ಲ. ಸರದಿ ಪ್ರಕಾರ ಆಡಬೇಕು. ಚೆನ್ನಾಗಿ ಪಳಗಿದ ಪಡೆಯನ್ನು ಸುಮ್ನೆ ಕಳೆದುಕೊಂಡರೆ ಮುಂದಿನ ಯುದ್ಧಕ್ಕೂ ಅದು ಇರುವುದಿಲ್ಲ. ಯೋಚಿಸದೆ ಹೇಗೆ ಆಡುವುದು?

ಅದರ ನಕ್ಷೆಯ ಆರು ಮೂಲೆಯ ಮನೆಗಳು ಬಂದದ್ದೂ ಹಲಗೆಯಿಂದಲೇ ಅಲ್ವಾ? ಹಲಗೆಯ ಯುದ್ಧದಾಟಗಳನ್ನು ಮಾಡುತ್ತಿದ್ದ ಅಮೆರಿಕದ ಅವಲಾನ್ ಹಿಲ್ ಕಂಪನಿ 1961ರಲ್ಲೇ ಅಂಥ ಮನೆಗಳನ್ನು ತಂದಿತ್ತು. ಚೌಕದ ಮನೆಯಲ್ಲಿ ಓರೆಯಾಗಿ ನಡೆದರೆ ಒಂದೇ ಹೆಜ್ಜೆಗೆ ಸುಮಾರು 1.4 ಪಟ್ಟು ದೂರ ಸಿಗುತ್ತದೆ. ಆರು ಮೂಲೆಯ ಮನೆಯಲ್ಲಿ ಯಾವ ಕಡೆ ಹೋದರೂ ಒಂದೇ ದೂರ.

ಇದು ನನಗೆ ತಿಳಿದದ್ದು ಮಳೆಗಾಲದಲ್ಲಿ. ಕರೆಂಟ್ ಹೋದರೆ ಎರಡು ದಿನ ಬರುತ್ತಿರಲಿಲ್ಲ. ದೊಡ್ಡಪ್ಪನ ಮಗ ಅಣ್ಣನೂ ನಾನೂ ಜಗಲಿಯಲ್ಲಿ ಹಳೇ ಕ್ಯಾಲೆಂಡರಿನ ಹಿಂಬದಿಗೆ ಅಂಥದೇ ಮನೆ ಬರೆದೆವು. ಅಡಿಕೆ ಟ್ಯಾಂಕ್, ಹುಣಸೆ ಬೀಜ ಕಾಲಾಳು, ದಾಳದ ಬದಲು ಅಜ್ಜಿಯ ಕವಡೆ. ನಕ್ಷೆ ನಮ್ಮದೇ: ಶಿರಸಿ, ದೇವಿಮನೆ ಘಟ್ಟ, ಕುಮಟಾ.

ಒಂದು ಮಾತು ಮಾತ್ರ ಲೇಖಕರದ್ದು ಸರಿ. ಕಂಪ್ಯೂಟರ್ ಲೆಕ್ಕವನ್ನು ಒಳಗೇ ಮಾಡಿಬಿಡುತ್ತದೆ, ನಮಗೆ ಕಾಣುವುದಿಲ್ಲ. ಜಗಲಿಯ ಆಟದಲ್ಲಿ ಹಾಗಲ್ಲ. ಘಟ್ಟದ ಮೇಲೆ ಕೂತ ಎರಡು ಹುಣಸೆ ಬೀಜ ಮೂರು ಅಡಿಕೆಯನ್ನು ಯಾಕೆ ತಡೆಯಿತು ಅಂತ ಅಣ್ಣ ನನಗೆ ಮನೆ ಎಣಿಸಿ ತೋರಿಸುತ್ತಿದ್ದ.