ಆರು ಮೂಲೆಯ ಕೋಟೆ, ಒಂದು ಬಟ್ಟಲು ಗಂಜಿ

ಏಪ್ರಿಲ್ ಬಂತೆಂದರೆ ನಮ್ಮ ಪಕ್ಕದ ಮನೆ ರಾಯರಿಗೆ ಬಿಪಿ ಜಾಸ್ತಿ. ಆಸ್ತಿ ತೆರಿಗೆ ಕಟ್ಟುವ ಕಾಲ. ತೆರಿಗೆ ಕಟ್ಟೋದಕ್ಕೆ ಅವರಿಗೆ ಬೇಜಾರಿಲ್ಲ. ಅದರ ಬಾಲಕ್ಕೆ ಅಂಟಿಕೊಂಡು ಬರುವ ಉಪಕರಗಳಲ್ಲಿ ಭಿಕ್ಷುಕರ ಉಪಕರ ಅಂತ ಒಂದಿದೆ, ತೆರಿಗೆಯ ಮೇಲೆ ನೂರಕ್ಕೆ 3 ರೂಪಾಯಿ. ಅದು ಅವರ ಹೊಟ್ಟೆ ಉರಿಸುತ್ತದೆ.

'ನಾವ್ಯಾಕ್ರೀ ಭಿಕ್ಷುಕರನ್ನ ಸಾಕಬೇಕು?' ಅಂದರು ಮೊನ್ನೆ, ಗೇಟಿನ ಮೇಲೆ ಮೊಣಕೈ ಊರಿಕೊಂಡು. 'ಪುಕ್ಸಟ್ಟೆ ಕೊಟ್ಟೂ ಕೊಟ್ಟೂ ಜನ ಸೋಮಾರಿಗಳಾಗಿದ್ದಾರೆ. ಮೈ ಬಗ್ಗಿಸಿ ಕೆಲಸ ಮಾಡಿಸಿ ಆಮೇಲೆ ಊಟ ಹಾಕಬೇಕು. ಅದೂ ಜಾಸ್ತಿ ರುಚಿ ಇರಬಾರದು.'

ರಾಯರು ಹುಟ್ಟಿದ್ದು ತಡವಾಯಿತು. 1834ರಲ್ಲಿ ಲಂಡನ್ನಿನಲ್ಲಿ ಇದ್ದಿದ್ದರೆ ಹಾರ ಹಾಕಿ ಕಮಿಷನರ್ ಕುರ್ಚಿಯಲ್ಲಿ ಕೂರಿಸುತ್ತಿದ್ದರು.

ಇಂಗ್ಲೆಂಡಿನಲ್ಲಿ 1601ರಿಂದಲೇ ಒಂದು ಕಾನೂನಿತ್ತು. ಪ್ರತಿ ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಊರು, ತನ್ನ ಬಡವರನ್ನು ತಾನೇ ನೋಡಿಕೊಳ್ಳಬೇಕು. ಅದಕ್ಕಾಗಿ ಮನೆ, ಜಮೀನು ಇದ್ದವರ ಮೇಲೆ ಕರ. ರಾಯರ ಉಪಕರದ ಮುತ್ತಾತ ಅನ್ನಿ. ಪಡೆಯುವ ಕೈಗೆ ಮರ್ಯಾದೆ ಕಮ್ಮಿಯೇ ಇತ್ತು. 1697ರ ಕಾನೂನಿನಂತೆ ಸಹಾಯ ಪಡೆದವರು ಬಲಭುಜದ ಮೇಲೆ ಕೆಂಪು ಇಲ್ಲವೇ ನೀಲಿ ಬಟ್ಟೆಯ 'ಪಿ' ಅಕ್ಷರ ಹೊಲಿಸಿಕೊಂಡು ಓಡಾಡಬೇಕಿತ್ತು. ಪಿ ಅಂದರೆ ಪಾಪರ್, ಗತಿಯಿಲ್ಲದವ. ಜೊತೆಗೆ ಊರಿನ ಮೊದಲ ಅಕ್ಷರ, ಯಾವ ಊರಿನ ಗತಿಯಿಲ್ಲದವ ಅಂತ ದೂರದಿಂದಲೇ ತಿಳಿಯಲಿ ಎಂದು. ನಮ್ಮ ಗಾಡಿಗಳಿಗೆ ನಂಬರ್ ಪ್ಲೇಟ್ ಇದ್ದ ಹಾಗೆ. ಈ ನಂಬರ್ ಪ್ಲೇಟ್ ಕಾನೂನು ರದ್ದಾಗಲು 1810 ಬರಬೇಕಾಯಿತು.

1830ರ ಹೊತ್ತಿಗೆ ಬಡವರ ಖರ್ಚು ವರ್ಷಕ್ಕೆ ಸುಮಾರು 70 ಲಕ್ಷ ಪೌಂಡ್ ಮುಟ್ಟಿತು. ಜಮೀನುದಾರರು ಗೇಟಿನ ಮೇಲೆ ಮೊಣಕೈ ಊರಿದರು. ಆಯೋಗ ಕೂತಿತು. ಅರ್ಥಶಾಸ್ತ್ರಜ್ಞ ನಾಸೌ ಸೀನಿಯರ್, ವಕೀಲಿಕೆ ಓದಿದ್ದ ಎಡ್ವಿನ್ ಚಾಡ್ವಿಕ್ ಸೇರಿ ದೊಡ್ಡ ವರದಿ ಬರೆದರು. ಪುಕ್ಸಟ್ಟೆ ದುಡ್ಡು ಮನುಷ್ಯನನ್ನು ಕೆಡಿಸುತ್ತದೆ ಅನ್ನುವುದು ಅದರ ತಿರುಳು. 1834ರಲ್ಲಿ ಹೊಸ ಕಾನೂನು ಬಂತು, ಅದನ್ನು ನಡೆಸಲು ಪುವರ್ ಲಾ ಕಮಿಷನ್, ಅಂದರೆ ಬಡವರ ಕಾನೂನಿನ ಕಮಿಷನ್, ಬಂತು.

ಒಂದು ನಿಮಿಷ. ಇದಕ್ಕೆ ಬರೀ ಒಂದು ವರ್ಷ ಹಿಂದೆ, 1833ರಲ್ಲಿ, ಅದೇ ಪಾರ್ಲಿಮೆಂಟು ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ತಂದಿತ್ತು. ಅದರಲ್ಲಿ 2 ಕೋಟಿ ಪೌಂಡ್ ಪರಿಹಾರ ಇತ್ತು. ಗುಲಾಮರಿಗಲ್ಲ ಸ್ವಾಮಿ, ಅವರ ಮಾಲೀಕರಿಗೆ! ದೇಶದ ಬಡವರೆಲ್ಲರಿಗೆ ಆಗುತ್ತಿದ್ದ ವರ್ಷದ ಖರ್ಚಿನ ಸುಮಾರು ಮೂರು ಪಟ್ಟು. ಇಷ್ಟು ದುಡ್ಡು ಕೂತಲ್ಲಿಗೇ ಬಂದರೆ ಮಾಲೀಕರು ಸೋಮಾರಿಗಳಾಗುತ್ತಾರಲ್ಲ ಅಂತ ಯಾರೂ ಆಯೋಗ ಕೂರಿಸಲಿಲ್ಲ. ಪುಕ್ಸಟ್ಟೆ ದುಡ್ಡಿಗೆ ಮನುಷ್ಯರನ್ನು ಕೆಡಿಸುವ ಗುಣ ಒಂದು ಮೊತ್ತದವರೆಗೆ ಮಾತ್ರ ಇರುತ್ತದೆ ಅಂತ ಕಾಣುತ್ತದೆ. ಅದನ್ನು ದಾಟಿದರೆ ಅದಕ್ಕೆ ಪರಿಹಾರ ಅನ್ನುತ್ತಾರೆ. ನಮ್ಮಲ್ಲೂ ಚುನಾವಣೆಯಲ್ಲಿ ಸೋತವರಿಗೆ ನಿಗಮ, ಮಂಡಳಿ ಅಂತ ಗಂಜಿ ಕೇಂದ್ರ ತೆರೆಯುತ್ತೇವಲ್ಲ, ಕಾರು ಸಮೇತ. ಅಲ್ಲಿ ಊಟ ಮಾಡಿ ಯಾರಾದರೂ ಸೋಮಾರಿಯಾದದ್ದು ಕೇಳಿದ್ದೀರಾ?

ಇರಲಿ. ಹೊಸ ಕಾನೂನಿನ ಪ್ರಕಾರ ದುಡಿಯುವ ಮೈ ಇದ್ದವನಿಗೆ ಮನೆಗೆ ದುಡ್ಡು ಕೊಡುವಂತಿಲ್ಲ. ಬೇಕಿದ್ದರೆ ವರ್ಕ್‌ಹೌಸ್, ಅಂದರೆ ಬಡವರನ್ನು ಇಟ್ಟುಕೊಂಡು ಕೆಲಸ ಮಾಡಿಸಿ ಊಟ ಹಾಕುವ ಮನೆಯ, ಒಳಗೆ ಬರಲಿ. ಒಳಗಿನ ಬದುಕು ಹೊರಗಿನ ಕಡುಬಡ ಕೂಲಿಯವನ ಬದುಕಿಗಿಂತ ಕೀಳಾಗಿರಬೇಕು. ಆಗ ನಿಜವಾಗಿ ಗತಿ ಇಲ್ಲದವನು ಮಾತ್ರ ಬರುತ್ತಾನೆ. ಕೇಳಲು ಎಷ್ಟು ಚೆನ್ನಾಗಿದೆ! ಕೆಲಸಕ್ಕೆ ಕೂತಾಗ ತೊಡಕು ಬಂತು. ಹೊರಗಿನ ಕೂಲಿಯವನು ಆಗಲೇ ಬ್ರೆಡ್ಡು, ಆಲೂಗಡ್ಡೆ ತಿಂದು ಅರೆಹೊಟ್ಟೆಯಲ್ಲಿದ್ದ. ಅವನಿಗಿಂತ ಕಮ್ಮಿ ಹಾಕಿದರೆ ಒಳಗಿರುವವನು ಸತ್ತೇ ಹೋಗುತ್ತಾನೆ. ಸತ್ತರೆ ಪತ್ರಿಕೆಯವರು ಬರೆಯುತ್ತಾರೆ. ಹಾಗಾದರೆ ಊಟ ಹಾಕಿಯೂ ನರಕ ತೋರಿಸುವುದು ಹೇಗೆ?

ಆಗ ಕರೆಸಿದರು ನೋಡಿ, ವಾಸ್ತುಶಿಲ್ಪಿಯನ್ನು.

ಅವರ ಹೆಸರು ಸ್ಯಾಂಪ್ಸನ್ ಕೆಂಪ್‌ಥಾರ್ನ್. 1835ರಲ್ಲಿ ಕಮಿಷನ್ನಿನ ವರದಿಯ ಜೊತೆ ಇವರ ಮಾದರಿ ನಕ್ಷೆಗಳು ಅಚ್ಚಾದವು. ಊರಿನವರು ನಕ್ಷೆ ನೋಡಿ ಕಟ್ಟಿಕೊಳ್ಳುವುದು, ಅಷ್ಟೆ. ಒಂದು ನಕ್ಷೆ ಚೌಕದೊಳಗಿನ ಶಿಲುಬೆ. ಇನ್ನೊಂದು ಇಂಗ್ಲಿಷಿನ ವೈ ಅಕ್ಷರದ ಹಾಗೆ ಮೂರು ರೆಕ್ಕೆ, ಸುತ್ತ ಆರು ಮೂಲೆಯ ಗೋಡೆ. ರೆಕ್ಕೆಗಳೆಲ್ಲ ಕೂಡುವ ನಡುಭಾಗದಲ್ಲಿ ಮಾಸ್ಟರ್, ಅಂದರೆ ವರ್ಕ್‌ಹೌಸ್ ನಡೆಸುವವನ, ವಾಸ. ಅವನ ಕಿಟಕಿಯಿಂದ ಎಲ್ಲ ಅಂಗಳವೂ ಕಾಣಬೇಕು. ಒಂದು ಅಂಗಳದಿಂದ ಇನ್ನೊಂದು ಅಂಗಳ ಮಾತ್ರ ಕಾಣಬಾರದು. ನಮ್ಮ ವಾಸ್ತು ಪಂಡಿತರು ಅಡುಗೆಮನೆ ಆಗ್ನೇಯಕ್ಕಿರಲಿ ಅನ್ನುತ್ತಾರೆ. ಕೆಂಪ್‌ಥಾರ್ನ್ ವಾಸ್ತುವಿನಲ್ಲಿ ಅಡುಗೆಮನೆ ಎಲ್ಲಾದರೂ ಇರಲಿ, ಗಂಡನಿಗೆ ಹೆಂಡತಿ ಕಾಣದಿದ್ದರೆ ಸಾಕು.

ಬಂದವರನ್ನು ಏಳು ಬಗೆಯಾಗಿ ವಿಂಗಡಿಸುತ್ತಿದ್ದರು. ಮುದುಕರು ಬೇರೆ, ಗಟ್ಟಿ ಗಂಡಸರು ಬೇರೆ, ಹುಡುಗರು ಬೇರೆ. ಹೆಂಗಸರಲ್ಲೂ ಹಾಗೇ ಮೂರು. ಏಳು ವರ್ಷದೊಳಗಿನ ಮಕ್ಕಳದು ಏಳನೇ ಗುಂಪು. ಬಾಗಿಲಲ್ಲಿ ಬಟ್ಟೆ ಬಿಚ್ಚಿಸಿ, ಸ್ನಾನ ಮಾಡಿಸಿ, ಸಮವಸ್ತ್ರ ಕೊಟ್ಟು ಅವರವರ ಅಂಗಳಕ್ಕೆ ಅಟ್ಟಿದರೆ ಆಯಿತು. ನಲವತ್ತು ವರ್ಷ ಸಂಸಾರ ಮಾಡಿದ ಮುದುಕ, ಮುದುಕಿಗೂ ಬೇರೆ ಬೇರೆ ಗೋಡೆ. ಅರವತ್ತು ದಾಟಿದ ದಂಪತಿ ಕೇಳಿದರೆ ಒಟ್ಟಿಗೆ ಇರಲು ಬಿಡಬೇಕು ಅಂತ 1847ರಲ್ಲಿ ಕಾನೂನಾಯಿತು. ಬಹಳ ಕಡೆ ಅದಕ್ಕೆ ಕೋಣೆಯೇ ಇರಲಿಲ್ಲ. ನಕ್ಷೆಯಲ್ಲೇ ಇಲ್ಲವಲ್ಲ, ಪಾಪ ಅವರಾದರೂ ಏನು ಮಾಡಿಯಾರು.

ಖರ್ಚಿನ ಕಡೆಯಿಂದ ನೋಡಿ. ಒಂದು ಸಂಸಾರ ಒಟ್ಟಿಗಿದ್ದರೆ ಒಂದು ಕೋಣೆ ಸಾಕು. ಅದನ್ನು ಒಡೆಯಬೇಕಾದರೆ ಮೂರು ನಾಲ್ಕು ಅಂಗಳ, ಅಷ್ಟಕ್ಕೂ ಎತ್ತರದ ಗೋಡೆ, ಗೋಡೆಗೆ ಬಾಗಿಲು, ಬಾಗಿಲಿಗೆ ಬೀಗ, ಬೀಗಕ್ಕೊಬ್ಬ ಸಂಬಳದವನು. ಕೆಂಪ್‌ಥಾರ್ನ್ ಹತ್ತಿರ ಸ್ವಲ್ಪ ಕಾಲ ಕೆಲಸ ಮಾಡಿದ್ದ ಜಾರ್ಜ್ ಗಿಲ್ಬರ್ಟ್ ಸ್ಕಾಟ್, ಪಾಲುದಾರ ಮಾಫಟ್ ಜೊತೆ ಸೇರಿ ಹತ್ತಾರು ವರ್ಕ್‌ಹೌಸ್‌ಗಳ ಗುತ್ತಿಗೆ ಹಿಡಿದರು. ಕೈ ಚೆನ್ನಾಗಿ ಪಳಗಿತು. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ನಿನ ಅರಮನೆಯಂಥ ಹೋಟೆಲ್ ಅವರದ್ದೇ. ಬಡತನದಿಂದ ಯಾರೂ ಮೇಲೆ ಬರಲಿಲ್ಲ ಅನ್ನಬೇಡಿ.

ಕೆಂಟ್ ಕಡೆ ಓಡಾಡುತ್ತಿದ್ದ ಸಹಾಯಕ ಕಮಿಷನರ್ ಫ್ರಾನ್ಸಿಸ್ ಹೆಡ್ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟೇ ಹೇಳಿದರು. ಕಟ್ಟಡ ನೋಡಿದರೆ ಆಡಳಿತ ಮಂಡಳಿಗೆ ಧೈರ್ಯ ಬರಬೇಕು, ಬಡವನಿಗೆ ಇದರ ಜೊತೆ ಗುದ್ದಾಡಿ ಗೆಲ್ಲಲಾಗದು ಅನಿಸಬೇಕು ಎಂದು. ಜನಕ್ಕೂ ಅರ್ಥವಾಯಿತು. ಅವರು ಅದಕ್ಕೆ ಬ್ಯಾಸ್ಟೀಲ್ ಅಂತ ಹೆಸರಿಟ್ಟರು, ಫ್ರಾನ್ಸಿನ ಸೆರೆಮನೆಯ ನೆನಪಿಗೆ. ಟಾಡ್‌ಮರ್ಡನ್ ಅನ್ನುವ ಊರಿನವರು ಮಾತ್ರ ಗಲಾಟೆ ಮಾಡಿ, ನಮಗೆ ಈ ಭಾಗ್ಯ ಬೇಡ ಅಂತ 1870ರ ದಶಕದವರೆಗೂ ಕಟ್ಟಿಸದೆ ತಳ್ಳಿದರು. ಭಲೇ ಮಂದಿ.

ಒಳಗೆ ನ್ಯಾಯವೇ ಇರಲಿಲ್ಲ ಅಂದರೆ ತಪ್ಪಾಗುತ್ತದೆ. ಗಂಜಿ ಎಷ್ಟು, ಬ್ರೆಡ್ಡು ಎಷ್ಟು ಅಂತ ಔನ್ಸ್ ಲೆಕ್ಕದಲ್ಲಿ ಪಟ್ಟಿ ಇತ್ತು. ಕಮ್ಮಿ ಅನಿಸಿದರೆ ಸಾಕ್ಷಿಗಳ ಮುಂದೆ ತನ್ನ ಪಾಲನ್ನು ತೂಕ ಹಾಕಿಸಿಕೊಳ್ಳುವ ಹಕ್ಕೂ ಇತ್ತು. ನಮ್ಮ ರೇಷನ್ ಅಂಗಡಿಯಲ್ಲಿ ಕೇಳಲು ನನಗಂತೂ ಧೈರ್ಯ ಸಾಲದು. ಮೂರು ಗಂಟೆ ಮೊದಲು ತಿಳಿಸಿದರೆ ಬಿಟ್ಟು ಹೋಗಬಹುದಿತ್ತು ಕೂಡ. ಹೋಗುವುದೆಲ್ಲಿಗೆ ಅನ್ನುವುದು ನಿಯಮದ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಕೆಲಸ? ಹಳೇ ಹಡಗಿನ ಡಾಂಬರು ಮೆತ್ತಿದ ಹಗ್ಗವನ್ನು ಬೆರಳಲ್ಲೇ ಬಿಡಿಸಿ ನಾರು ಮಾಡುವುದು. ಕಲ್ಲು ಒಡೆಯುವುದು. ಮೂಳೆ ಪುಡಿ ಮಾಡುವುದು. ಈ ಮೂಳೆಯದ್ದೇ ಒಂದು ಕಥೆ. ಆಂಡೋವರ್ ಊರಿನ ವರ್ಕ್‌ಹೌಸ್‌ನಲ್ಲಿ ಮಾಸ್ಟರ್ ಆಗಿದ್ದವನು ವಾಟರ್ಲೂನಲ್ಲಿ ಕಾದಾಡಿದ್ದ ಮಾಜಿ ಸಾರ್ಜೆಂಟ್ ಮೇಜರ್. ಅಲ್ಲಿ ಗೊಬ್ಬರಕ್ಕೆಂದು ಕುದುರೆ, ದನದ ಮೂಳೆ ಕುಟ್ಟಿಸುತ್ತಿದ್ದರು. ಹಸಿದವರು ಆ ಕೊಳೆತ ಮೂಳೆಗಳಿಗೆ ಕಿತ್ತಾಡಿ, ಒಳಗಿನ ಮಜ್ಜೆ ಚೀಪುತ್ತಿದ್ದರು. 1845ರಲ್ಲಿ ಸುದ್ದಿ ಹೊರಬಿತ್ತು. ದೇಶವೆಲ್ಲ ಛೀ ಥೂ ಅಂದಿತು. ಮುಂದೇನಾಯಿತು ಅನ್ನುವುದು ಸರ್ಕಾರಿ ಕಚೇರಿಗೆ ಒಮ್ಮೆಯಾದರೂ ಹೋದ ಯಾರಿಗಾದರೂ ಗೊತ್ತಿರುತ್ತದೆ. ವಿಚಾರಣೆಗೆ ಹೋದ ಸಹಾಯಕ ಕಮಿಷನರ್ ತಲೆದಂಡ ತೆತ್ತ. 1847ರಲ್ಲಿ ಪುವರ್ ಲಾ ಕಮಿಷನ್ ಹೋಗಿ ಪುವರ್ ಲಾ ಬೋರ್ಡ್ ಬಂತು. ಬೋರ್ಡು ಬದಲಾಯಿತು, ಗಂಜಿ ಅದೇ.

ನನಗೆ ಬಹಳ ಹಿಡಿಸಿದ್ದು ಅಲೆಮಾರಿಗಳಿಗೆ ಕಟ್ಟಿದ ಕೋಣೆ. ಅದಕ್ಕೆ ಸ್ಪೈಕ್ ಅನ್ನುತ್ತಿದ್ದರು. ಗಿಲ್ಡ್‌ಫರ್ಡ್‌ನಲ್ಲಿ 1906ರಲ್ಲಿ ಕಟ್ಟಿದ್ದು ಈಗಲೂ ಉಳಿದಿದೆ. ರಾತ್ರಿ ಮಲಗಲು ಒಂದು ಗೂಡು. ಅದರ ಹಿಂದೆ ಕೆಲಸದ ಗೂಡು, ಗೋಡೆಯಲ್ಲಿ ಕಬ್ಬಿಣದ ಜಾಲರಿ. ಬೆಳಗ್ಗೆ ಒಂದು ರಾಶಿ ಕಲ್ಲು, ಒಂದು ಸುತ್ತಿಗೆ. ಜಾಲರಿಯ ತೂತಿನಲ್ಲಿ ತೂರುವಷ್ಟು ಸಣ್ಣಗೆ ಒಡೆದು ಜಲ್ಲಿಯನ್ನು ಹೊರಗೆ ದಬ್ಬಬೇಕು. ರಾಶಿ ಮುಗಿದರೆ ರಾತ್ರಿಯ ನಿದ್ದೆ, ಬೆಳಗಿನ ತಿಂಡಿಯ ಬಾಬ್ತು ಚುಕ್ತಾ. ಮೇಸ್ತ್ರಿಯ ಕೂಗಾಟವಿಲ್ಲ, ಹಾಜರಿ ಪುಸ್ತಕವಿಲ್ಲ. ಆ ತೂತೇ ಸೂಪರ್‌ವೈಸರ್. ಅದರ ಅಳತೆಯನ್ನು ಯಾವುದೋ ಕಚೇರಿಯಲ್ಲಿ ಯಾರೋ ಒಬ್ಬ ಓದಿದ ಮನುಷ್ಯ ಸ್ಕೇಲ್ ಇಟ್ಟು ಗುರುತು ಹಾಕಿರಬೇಕಲ್ವಾ? ಸಂಜೆ ಮನೆಗೆ ಹೋಗಿ ಹೆಂಡತಿಗೆ ಏನೆಂದು ಹೇಳಿರಬಹುದು?

ಇಷ್ಟೆಲ್ಲ ಮಾಡಿ ಉಳಿದದ್ದೇನು? ಮನೆಯಲ್ಲಿದ್ದವರಿಗೆ ವಾರಕ್ಕೆ ಒಂದೆರಡು ಶಿಲಿಂಗ್ ಕೊಡುವುದಕ್ಕಿಂತ ಒಳಗಿಟ್ಟು ಸಾಕುವುದೇ ದುಬಾರಿಯಾಯಿತು. ಊರಿನ ಗಾರ್ಡಿಯನ್ನರು, ಅಂದರೆ ಆಡಳಿತ ಮಂಡಳಿಯವರು, ಅಂಗಡಿಕಾರರು, ರೈತರು, ಲೆಕ್ಕ ಬಲ್ಲವರು. ಮೆಲ್ಲಗೆ ಹಳೇ ಪದ್ಧತಿಗೇ ಜಾರಿದರು. 19ನೇ ಶತಮಾನದುದ್ದಕ್ಕೂ ಸಹಾಯ ಪಡೆದ ಬಡವರಲ್ಲಿ ಹೆಚ್ಚಿನವರು ಕೋಟೆಯ ಹೊರಗೇ ಇದ್ದರು. ಒಳಗೆ ಸೇರಿದವರು ಮುದುಕರು, ರೋಗಿಗಳು, ಅನಾಥ ಮಕ್ಕಳು, ಮದುವೆಯಾಗದೆ ಬಸಿರಾದವರು. ಯಾವ ಗಟ್ಟಿ ಸೋಮಾರಿಗಾಗಿ ಇಷ್ಟು ಇಟ್ಟಿಗೆ ಸುಟ್ಟರೋ ಅವನು ಸರಿಯಾಗಿ ಕೈಗೆ ಸಿಗಲೇ ಇಲ್ಲ.

ಐರ್ಲೆಂಡಿನಲ್ಲಿ ಜಾರ್ಜ್ ವಿಲ್ಕಿನ್ಸನ್ ಒಬ್ಬರೇ 130 ವರ್ಕ್‌ಹೌಸ್‌ಗಳ ನಕ್ಷೆ ಹಾಕಿದರು. ಕಟ್ಟಿ ಸುಣ್ಣ ಒಣಗುವ ಹೊತ್ತಿಗೆ ಆಲೂಗಡ್ಡೆ ಕೊಳೆತು ಮಹಾಬರ ಬಂತು. 1847ರ ನಿಯಮ ಕೇಳಿ: ಕಾಲು ಎಕರೆಗಿಂತ ಜಾಸ್ತಿ ಜಮೀನು ಹಿಡಿದವನು ಅದನ್ನು ಬಿಟ್ಟುಕೊಟ್ಟರೆ ಮಾತ್ರ ಸಹಾಯ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಹನ್ನೊಂದು ಗುಂಟೆ ಇದ್ದವನು ಶ್ರೀಮಂತ.

ಈ ಬುದ್ಧಿ ಹಡಗು ಹತ್ತಿ ನಮ್ಮ ಕಡೆಗೂ ಬಂತು. 1874ರಲ್ಲಿ ಬಿಹಾರದ ಕಡೆ ಬರ ಬಿದ್ದಾಗ ಸರ್ ರಿಚರ್ಡ್ ಟೆಂಪಲ್ ಬರ್ಮಾದಿಂದ ಅಕ್ಕಿ ತರಿಸಿ ಹಂಚಿದರು. ಸತ್ತವರು ಬಹಳ ಕಮ್ಮಿ. ಅದಕ್ಕೆ ಶಹಭಾಸ್ ಅಂದರಾ? ಇಲ್ಲ, ದುಂದುಗಾರ ಅಂತ ಬೈದರು. ಟೆಂಪಲ್ ಪಾಠ ಕಲಿತರು. ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರದ ಬರ ಅಂತ ನೆನೆಯುತ್ತಿದ್ದರಲ್ಲ, ಆ 1876-78ರ ಬರಕ್ಕೆ ಅದೇ ಟೆಂಪಲ್‌ರನ್ನು ದಕ್ಷಿಣಕ್ಕೆ ಕಳಿಸಿದರು. ಬಳ್ಳಾರಿ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ, ಬರ ಕಾಮಗಾರಿಯಲ್ಲಿ ಇಡೀ ದಿನ ಮಣ್ಣು ಹೊತ್ತ ಗಂಡಸಿಗೆ ಒಂದು ಪೌಂಡ್ ಧಾನ್ಯ, ಮೇಲೊಂದಿಷ್ಟು ಕಾಸು ಸಾಕು ಎಂದರು. ಅರ್ಧ ಕಿಲೋಗೂ ಕಮ್ಮಿ. ಅದು ಸಾಲದು ಅಂತ ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಜಗಳಕ್ಕೇ ನಿಂತರು. ಇದೇ ಬರದ ನಡುವೆ, 1877ರ ಜನವರಿ 1ರಂದು, ವಿಕ್ಟೋರಿಯಾ ಇನ್ನು ಮೇಲೆ ಭಾರತದ ಚಕ್ರವರ್ತಿನಿ ಎಂದು ಸಾರಲು ದೆಹಲಿಯಲ್ಲಿ ದರ್ಬಾರು ನಡೆಯಿತು. ಅಲ್ಲಿ ಊಟಕ್ಕೆ ಮೊದಲು ಯಾರಿಗೂ ಮಣ್ಣು ಹೊರಿಸಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಜನ, 1881ರಲ್ಲಿ ಸುಮಾರು 42 ಲಕ್ಷ.

ಇಂಗ್ಲೆಂಡಿನ ವರ್ಕ್‌ಹೌಸ್ ವ್ಯವಸ್ಥೆ ಹೆಸರಿಗೆ ಮುಗಿದದ್ದು 1930ರ ಏಪ್ರಿಲ್ 1ರಂದು. ದಿನ ಆರಿಸಿದವರಿಗೆ ಹಾಸ್ಯಪ್ರಜ್ಞೆ ಇತ್ತು. ಕಟ್ಟಡಗಳು ಹೊಸ ಹೆಸರಲ್ಲಿ ನಡೆದವು, 1948ರಲ್ಲಿ ಎಷ್ಟೋ ಆಸ್ಪತ್ರೆಗಳಾದವು. ಮುದುಕರು ಕಾಯಿಲೆ ಬಿದ್ದರೂ ಅಲ್ಲಿಗೆ ಮಾತ್ರ ಬೇಡ ಅಂತ ಹಟ ಹಿಡಿಯುತ್ತಿದ್ದರು. ಏಳನೇ ವಯಸ್ಸಿನಲ್ಲಿ ಚಾರ್ಲಿ ಚಾಪ್ಲಿನ್ ಸೇರಿದ್ದ ಲ್ಯಾಂಬೆತ್ ವರ್ಕ್‌ಹೌಸ್‌ನ ಒಂದು ಭಾಗ ಈಗ ಸಿನಿಮಾ ಮ್ಯೂಸಿಯಂ. 1834ರ ಕಾನೂನಿಗೆ ಮಾದರಿಯಾದ, ಪಾದ್ರಿ ಜಾನ್ ಬೀಚರ್ 1824ರಲ್ಲಿ ಸೌತ್‌ವೆಲ್‌ನಲ್ಲಿ ಕಟ್ಟಿಸಿದ ವರ್ಕ್‌ಹೌಸ್‌ಗೆ ಈಗ ಟಿಕೆಟ್ ಕೊಂಡು ಹೋಗಬೇಕು. ಇನ್ನೆಷ್ಟೋ ಕಡೆ ಅವು ಫ್ಲ್ಯಾಟುಗಳಾಗಿವೆ. ಗೋಡೆ ದಪ್ಪ, ಒಳಗೆ ಅಂಗಳ, ಒಂದೇ ಗೇಟು. ಅಂದು ಬಡವರನ್ನು ಹೆದರಿಸಲು ಹಾಕಿದ್ದೆಲ್ಲ ಇವತ್ತಿನ ಜಾಹೀರಾತಿನ ಸೆಕ್ಯುರಿಟಿ, ಪ್ರೈವೆಸಿ.

ಇದನ್ನೆಲ್ಲ ಗೇಟಿನ ಹತ್ತಿರ ನಿಂತು ರಾಯರಿಗೆ ಹೇಳಿದೆ. ಮೂಳೆಯ ಕಥೆಗೆ 'ಅಯ್ಯೋ ಪಾಪ' ಅಂದರು. ಗಂಡ ಹೆಂಡತಿಯ ಗೋಡೆಗೆ ನಕ್ಕರು. ಕಲ್ಲಿನ ಜಾಲರಿಯ ಹತ್ತಿರ ಬಂದಾಗ ಸ್ವಲ್ಪ ಹೊತ್ತು ಸುಮ್ನೆ ಯೋಚಿಸಿ, 'ಐಡಿಯಾ ಕೆಟ್ಟದ್ದೇನಲ್ಲ' ಅಂದರು.

ಒಳಗಿನಿಂದ ಅವರ ಮನೆಯವರು ಕಾಫಿಗೆ ಕರೆದರು. ಹೊರಟವರು ಏನೋ ನೆನಪಾಗಿ ತಿರುಗಿ ಬಂದು, ಬೇರೆ ಯಾರಿಗೂ ಕೇಳಬಾರದು ಅನ್ನುವ ದನಿಯಲ್ಲಿ ಹೇಳಿದರು: 'ನೀವಿನ್ನೂ ತೆರಿಗೆ ಕಟ್ಟಿಲ್ಲ ತಾನೆ? ಈ ತಿಂಗಳೊಳಗೇ ಕಟ್ಟಿಬಿಡಿ. 5 ಪರ್ಸೆಂಟ್ ಬಿಡ್ತಾರೆ ಸಾರ್, ಸುಮ್ನೆ, ಪುಕ್ಸಟ್ಟೆ!'